ಬೆಂಕಿಗೆ ರತ್ನಗಂಬಳಿ, ಗಾಲಿಗೆ ಮೆಟ್ಟಿಲು

ಮರುಜನ್ಮ ಅಂತ ಒಂದಿದ್ದರೆ ಬೆಂಕಿಯಾಗಿ ಹುಟ್ಟಬೇಕು. ಒಲೆಯ ಬೆಂಕಿ, ಬೀಡಿ ತುದಿಯ ಬೆಂಕಿ ಆದರೆ ಪ್ರಯೋಜನವಿಲ್ಲ. ಕ್ರೀಡಾಜ್ಯೋತಿಯ ಬೆಂಕಿಯೇ ಆಗಬೇಕು. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ, ಕಿವಿಯಿಲ್ಲ, ಗಾಳಿ ಸ್ವಲ್ಪ ಜೋರಾದರೆ ಜೀವವೂ ಇಲ್ಲ. ಆದರೂ ಅದು ಹೊರಟಿತೆಂದರೆ ಪೊಲೀಸರು ರಸ್ತೆ ಬಿಡಿಸುತ್ತಾರೆ, ಮೇಯರ್‌ಗಳು ಕೋಟು ತೊಟ್ಟು ಕಾಯುತ್ತಾರೆ, ಮಕ್ಕಳು ಬಾವುಟ ಬೀಸುತ್ತಾರೆ. 2024ರ ಆಗಸ್ಟ್ ಕೊನೆಯ ವಾರ, ಅಂಗವಿಕಲರ ಕ್ರೀಡಾಕೂಟವಾದ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಜ್ಯೋತಿಯಾತ್ರೆ ನೋಡಿದ ಮೇಲೆ ನನಗಂತೂ ಈ ಬಗ್ಗೆ ಸಂಶಯ ಉಳಿದಿಲ್ಲ.

ಆಗಸ್ಟ್ 24ರಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಜ್ಯೋತಿ ಹೊತ್ತಿಸಿದರು. ಮರುದಿನವೇ ಫ್ರಾನ್ಸ್ ಪ್ರಯಾಣ. ಸಮುದ್ರದ ತಳದಲ್ಲಿ ಕೊರೆದ, ಐವತ್ತು ಕಿಲೋಮೀಟರ್ ಉದ್ದದ ಚಾನೆಲ್ ಸುರಂಗದೊಳಗೆ 24 ಮಂದಿ ಬ್ರಿಟಿಷರು ಅದನ್ನು ತಂದರು. ನಡುದಾರಿಯಲ್ಲಿ 24 ಮಂದಿ ಫ್ರೆಂಚರು ಎದುರುಗೊಂಡರು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಬ್ರೆಕ್ಸಿಟ್ ಆದಮೇಲೆ ಆ ಗಡಿ ದಾಟುವ ಬ್ರಿಟಿಷರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳಲು ಆಗ ಸಾಲು ನಿಲ್ಲುತ್ತಿದ್ದರು. ಬೆಂಕಿಯನ್ನು ಮಾತ್ರ ಯಾರೂ 'ಎಷ್ಟು ದಿನ ಇರ್ತೀರಿ, ವಾಪಸ್ ಟಿಕೆಟ್ ತೋರಿಸಿ' ಎಂದು ಕೇಳಿದ ಹಾಗಿಲ್ಲ.

ಫ್ರಾನ್ಸಿನ ನೆಲ ಮುಟ್ಟಿದ ಮೇಲೆ ಒಂದು ಜ್ಯೋತಿ ಹನ್ನೆರಡಾಯಿತು. ಸ್ಪರ್ಧೆಗಳು ಹನ್ನೊಂದು ದಿನ, ಉದ್ಘಾಟನೆಗೆ ಒಂದು ದಿನ, ಆದ್ದರಿಂದ ಹನ್ನೆರಡು. ಈ ಲೆಕ್ಕ ಹಾಕಿದವರಿಗೆ ಸಂಬಳ ಚೆನ್ನಾಗಿಯೇ ಇರಬೇಕು. ನಾಲ್ಕು ದಿನ, ಸುಮಾರು ಐವತ್ತು ಊರು, ಸಾವಿರದಷ್ಟು ಜನ ಹೊರುವವರು. ಪಂಜು ಮರುಬಳಕೆಯ ಉಕ್ಕಿನದು, ತೂಕ ಒಂದೂವರೆ ಕೆಜಿ. ದಾರಿಯಲ್ಲಿ ಆರಿಹೋದರೆ ಗಾಬರಿಯಿಲ್ಲ. ಮೂಲ ಬೆಂಕಿಯನ್ನು ಲಾಂದ್ರದಲ್ಲಿ ಜೋಪಾನವಾಗಿ ಇಟ್ಟುಕೊಂಡು ಜತೆಯಲ್ಲೇ ಬರುವವರಿರುತ್ತಾರೆ. ಒಂದು ಕೆಟ್ಟರೆ ಇನ್ನೊಂದು ತಯಾರು. ನಿಲ್ದಾಣದ ಲಿಫ್ಟ್ ಕೆಟ್ಟರೆ ಅದರ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸುತ್ತಾರಲ್ಲ, ಅಂಥ ಚೀಟಿಯನ್ನು ಕ್ರೀಡಾಜ್ಯೋತಿಗೆ ಅಂಟಿಸಿದ್ದನ್ನು ಯಾರಾದರೂ ನೋಡಿದ್ದೀರಾ?

ಇಷ್ಟು ಮರ್ಯಾದೆ ಮಾಡಿಸಿಕೊಂಡು ಜ್ಯೋತಿ ಪ್ಯಾರಿಸ್ಸಿಗೆ ಬಂತು. ಇನ್ನು ಅದನ್ನು ನೋಡಲು ಗಾಲಿಕುರ್ಚಿಯವರೊಬ್ಬರು ಮೆಟ್ರೋ ಹತ್ತಿ ಹೊರಟರು ಅಂದುಕೊಳ್ಳಿ. ಅಂದುಕೊಳ್ಳಬಹುದು, ಅಷ್ಟೇ. ಪ್ಯಾರಿಸ್ ಮೆಟ್ರೋ ಶುರುವಾದದ್ದು 1900ರಲ್ಲಿ. ಮುನ್ನೂರಕ್ಕೂ ಹೆಚ್ಚು ನಿಲ್ದಾಣಗಳಿವೆ. ಅಷ್ಟೂ ಮಾರ್ಗಗಳಲ್ಲಿ ಗಾಲಿಕುರ್ಚಿ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹೋಗಬಹುದಾಗಿದ್ದದ್ದು ಆಗ ಒಂದೇ, 1998ರಲ್ಲಿ ಬಂದ ಹದಿನಾಲ್ಕನೇ ಮಾರ್ಗ. ಮಿಕ್ಕಲ್ಲಿ ಬಹುಪಾಲು ಮೆಟ್ಟಿಲೋ ಮೆಟ್ಟಿಲು. ಇಳಿಯಲು ಮೆಟ್ಟಿಲು, ಗಾಡಿ ಬದಲಿಸಲು ಮೆಟ್ಟಿಲು, ಎಲ್ಲಾ ಮುಗಿಸಿ ಬೆಳಕು ಕಾಣಲು ಮತ್ತೆ ಮೆಟ್ಟಿಲು.

ಮೆಟ್ರೋ ಬಗ್ಗೆ ಸಂಘಟಕರಿಗೂ ಭ್ರಮೆ ಇದ್ದಂತಿಲ್ಲ. ತಿಂಗಳ ಹಿಂದೆ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅವರೇ ತೋರಿಸಿದ ಚಿತ್ರಿಕೆ ನೆನಪಿರಬಹುದು. ಫುಟ್‌ಬಾಲ್ ದಿಗ್ಗಜ ಜಿನೆದಿನ್ ಜಿದಾನ್ ಪಂಜು ಹಿಡಿದು ಓಡೋಡಿ ಬಂದು ಮೆಟ್ರೋ ಹತ್ತುತ್ತಾರೆ, ರೈಲು ನಡುವೆಯೇ ಕೆಟ್ಟು ನಿಲ್ಲುತ್ತದೆ, ಅವರು ಪಂಜನ್ನು ಮಕ್ಕಳ ಕೈಗೆ ಕೊಟ್ಟು ಕಳಿಸುತ್ತಾರೆ. ವಿಶ್ವಕಪ್ ಗೆದ್ದ ಎರಡು ಕಾಲುಗಳಿಗೇ ಗತಿಗೆಟ್ಟ ಜಾಗದಲ್ಲಿ ನಾಲ್ಕು ಗಾಲಿಗಳ ಪಾಡೇನು?

ಕಾನೂನು ಇಲ್ಲವೇ ಎಂದರೆ, ಧಾರಾಳವಾಗಿ ಇದೆ. 2005ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಂಗವಿಕಲರ ಹಕ್ಕಿನ ಕಾಯ್ದೆ ಮಾಡಿತು. ಸಾರ್ವಜನಿಕ ಜಾಗಗಳೆಲ್ಲ ಹತ್ತು ವರ್ಷದೊಳಗೆ ಎಲ್ಲರೂ ಬಂದುಹೋಗುವಂತಾಗಬೇಕು ಎಂದಿತು. ಗಡುವು ಮುಗಿಯುತ್ತ ಬಂದಾಗ, 2014ರಲ್ಲಿ, ಇನ್ನೂ ಮೂರು ವರ್ಷ, ಆರು ವರ್ಷ, ಕೆಲವರಿಗೆ ಒಂಬತ್ತು ವರ್ಷ ಎಂದು ಮುಂದೂಡಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವುದು ಸರ್ಕಾರಿ ಕಟ್ಟಡಗಳಿಗೂ ಗೊತ್ತು. ಮೆಟ್ರೋ ಮೇಲಂತೂ ದೊಣ್ಣೆ ಬೀಸಲೇ ಇಲ್ಲ. ನೆಲದಡಿಯ ಹಳೇ ಮಾರ್ಗಗಳಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿತ್ತು. ಬದಲಿ ವಾಹನದ ಏರ್ಪಾಡಿದ್ದರೆ ಸಾಕು ಎಂದಿತ್ತು.

ಪ್ಯಾರಿಸ್ಸಿನವರಿಗೆ ಅನ್ಯಾಯ ಮಾಡಬಾರದು. ಬಸ್ಸುಗಳಿಗೆ ರ‍್ಯಾಂಪ್ ಇದೆ. ಕ್ರೀಡಾಕೂಟದ ಹೊತ್ತಿಗೆ ಗಾಲಿಕುರ್ಚಿ ಹಿಡಿಸುವ ಸಾವಿರ ಟ್ಯಾಕ್ಸಿ ರಸ್ತೆಗಿಳಿಸುತ್ತೇವೆ ಅಂದರು. ಜ್ಯೋತಿ ಊರೂರು ಸುತ್ತುತ್ತಿದ್ದ ಹೊತ್ತಿಗೇ, ಆ ಪ್ರಾಂತ್ಯದ ಆಡಳಿತದ ಮುಖ್ಯಸ್ಥೆ ವಲೇರಿ ಪೆಕ್ರೆಸ್ 'ಎಲ್ಲರಿಗೂ ಮೆಟ್ರೋ' ಎಂಬ ಯೋಜನೆಯ ಮಾತೆತ್ತಿದರು. ಖರ್ಚು 15ರಿಂದ 20 ಬಿಲಿಯನ್ ಯೂರೋ, ಅವಧಿ 20 ವರ್ಷ. ಅಂದರೆ 2044. ಅಷ್ಟರಲ್ಲಿ ಜ್ಯೋತಿ ಇನ್ನೈದು ಪ್ಯಾರಾಲಿಂಪಿಕ್ಸ್‌ಗೆ ಹೋಗಿಬಂದಿರುತ್ತದೆ. 2024ರಲ್ಲಿ ಇಪ್ಪತ್ತರ ಹರೆಯದಲ್ಲಿ ಓಡಿದವರು ಲಿಫ್ಟ್ ಬರುವ ಹೊತ್ತಿಗೆ ಮಂಡಿ ನೋವಿಗೆ ಅದನ್ನು ಬಳಸಬಹುದು.

ಇದೇ ವಾರದ ಇನ್ನೊಂದು ಪ್ರಯಾಣವನ್ನು ಹೇಳದೆ ಬಿಡುವಂತಿಲ್ಲ. ಜ್ಯೋತಿ ಸುರಂಗ ದಾಟಿದ್ದು ಆಗಸ್ಟ್ 25ರ ಭಾನುವಾರ. ಸೋಮವಾರ ರಾತ್ರಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಬಂದ ರೈಲಿನಲ್ಲಿ ಟ್ಯಾನಿ ಗ್ರೇ ಥಾಂಪ್ಸನ್ ಇದ್ದರು. ಗಾಲಿಕುರ್ಚಿ ಓಟದಲ್ಲಿ ಹನ್ನೊಂದು ಪ್ಯಾರಾಲಿಂಪಿಕ್ ಚಿನ್ನ ಗೆದ್ದವರು, ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ ಸದಸ್ಯೆ. ಹೊರಟಿದ್ದು ಇದೇ ಪ್ಯಾರಾಲಿಂಪಿಕ್ಸ್‌ಗೆ. ರೈಲು ನಿಂತಿತು, ಜನರೆಲ್ಲ ಇಳಿದುಹೋದರು. ರ‍್ಯಾಂಪ್ ತಂದು ಬಾಗಿಲಿಗೆ ಹಚ್ಚಬೇಕಾದವರು ಮಾತ್ರ ಬರಲಿಲ್ಲ. ಕಾದರು. ಯಾರೂ ಇಲ್ಲ. ಕೊನೆಗೆ ಸಾಮಾನುಗಳನ್ನು ಪ್ಲಾಟ್‌ಫಾರ್ಮಿಗೆ ಎಸೆದರು, ಕುರ್ಚಿಯಿಂದ ರೈಲಿನ ನೆಲಕ್ಕೆ ಇಳಿದರು, ತೆವಳಿಕೊಂಡು ಹೊರಗೆ ಬಂದರು. ಕಂಪನಿ ಕ್ಷಮೆ ಕೇಳಿತು. ಬೆಂಕಿಗೆ ಅರ್ಧ ಸುರಂಗಕ್ಕೆ 24 ಜನ. ಹನ್ನೊಂದು ಚಿನ್ನದ ಒಡತಿಗೆ ರೈಲಿನ ಬಾಗಿಲಲ್ಲಿ ಒಬ್ಬರೂ ಇಲ್ಲ.

ಈ ಪಂಜಿನ ಪೂರ್ವಾಪರ ಕೆದಕಿದರೆ ನಗು ಸ್ವಲ್ಪ ಹೊತ್ತು ನಿಲ್ಲುತ್ತದೆ. ಒಲಿಂಪಿಕ್ಸ್ ಜ್ಯೋತಿಯನ್ನು ಗ್ರೀಸಿನ ಒಲಿಂಪಿಯಾದಲ್ಲಿ ಹೊತ್ತಿಸಿ, ಕೈಯಿಂದ ಕೈಗೆ ದಾಟಿಸಿ ಕ್ರೀಡಾಂಗಣಕ್ಕೆ ತರುವ ಈ ಸಂಪ್ರದಾಯ ಪುರಾತನದ್ದೇನೂ ಅಲ್ಲ. ಅದು ಶುರುವಾದದ್ದು 1936ರ ಬರ್ಲಿನ್ ಒಲಿಂಪಿಕ್ಸ್‌ಗೆ, ಹಿಟ್ಲರನ ಕಾಲದಲ್ಲಿ. ಅಂಗವಿಕಲರಿಗೆ ಮಕ್ಕಳಾಗಬಾರದೆಂದು 1933ರಲ್ಲೇ ಬಲವಂತದ ಶಸ್ತ್ರಚಿಕಿತ್ಸೆಯ ಕಾನೂನು ತಂದ ಸರ್ಕಾರ ಅದು; 1939ರಿಂದ ಅವರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಂದ ಸರ್ಕಾರವೂ ಅದೇ. ಆ ವರ್ಷವೇ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್‌ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗ ತೆರೆದರು. ಅಂಥವರು ಹೇಗೂ ಬದುಕುವುದಿಲ್ಲ ಎಂದು ಆಗಿನ ವೈದ್ಯಲೋಕ ಕೈಚೆಲ್ಲಿತ್ತು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಹದಿನಾರು ಮಂದಿ ರೋಗಿಗಳನ್ನು ಕೂರಿಸಿ ಅವರು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಪಂಜಿಲ್ಲ, ಮೇಯರ್ ಇಲ್ಲ, ಆಸ್ಪತ್ರೆಯ ಹುಲ್ಲುಹಾಸು. ಪ್ಯಾರಾಲಿಂಪಿಕ್ಸ್‌ನ ಮೂಲ ಅದು.

1960ರಲ್ಲಿ ಆಟ ರೋಮ್‌ಗೆ ಹೋಯಿತು. 23 ದೇಶಗಳ 400 ಕ್ರೀಡಾಪಟುಗಳು, ಎಲ್ಲರೂ ಗಾಲಿಕುರ್ಚಿಯವರು. ಅವರಿಗೆ ಕೊಟ್ಟ ವಸತಿ ಕಂಬಗಳ ಮೇಲೆ ಕಟ್ಟಿದ್ದು! ದಿನಾ ಮೇಲೆ ಕೆಳಗೆ ಹೊತ್ತಾಡಲು ಇಟಲಿಯ ಸೈನಿಕರನ್ನು ನೇಮಿಸಿದರು. ನಮ್ಮವರು ಇಲ್ಲಿ ಕಿಸಿಯಬೇಕಿಲ್ಲ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ಒಮ್ಮೆ ಹೋಗಿ ನೋಡಿ. ವೇದಿಕೆ ನಾಲ್ಕಡಿ ಎತ್ತರ, ಪಕ್ಕದಲ್ಲಿ ಅಲುಗಾಡುವ ಮರದ ಮೆಟ್ಟಿಲು. ಸನ್ಮಾನಿತರನ್ನು ಕುರ್ಚಿ ಸಮೇತ ನಾಲ್ವರು ಸ್ವಯಂಸೇವಕರು ಎತ್ತುತ್ತಾರೆ, 'ಹುಷಾರು ಸಾರ್, ಆ ಕಡೆ ಹಿಡೀರಿ' ಅನ್ನುತ್ತಾರೆ, ಛಾಯಾಗ್ರಾಹಕರು ಅದನ್ನೂ ತೆಗೆಯುತ್ತಾರೆ. ಆಮೇಲೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಸ್ವಾಗತ ಭಾಷಣದಲ್ಲಿ 'ಇವರು ಯಾರಿಗೂ ಕಡಿಮೆಯಿಲ್ಲ' ಎಂಬ ಮಾತು ತಪ್ಪಿದ್ದಿಲ್ಲ. ಹಾಸನದ ಸುಹಾಸ್ ಯತಿರಾಜ್ ಟೋಕಿಯೋದಲ್ಲೂ ಪ್ಯಾರಿಸ್ಸಿನಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು, ಚಿಕ್ಕಮಗಳೂರಿನ ಅಂಧ ಓಟಗಾರ್ತಿ ರಕ್ಷಿತಾ ರಾಜು ಪ್ಯಾರಿಸ್ಸಿನ ಟ್ರ್ಯಾಕ್‌ಗೆ ಇಳಿದರು, ಭಾರತಕ್ಕೆ ಆ ಸಲ 29 ಪದಕ ಬಂತು. ವೇದಿಕೆಗೆ ಇಳಿಜಾರು ಹಾಕಿಸಬಹುದು ಎಂಬುದು ಮಾತ್ರ ಶಾಮಿಯಾನದವರಿಗೆ ಇನ್ನೂ ಯಾರೂ ಹೇಳಿದಂತಿಲ್ಲ.

ನನ್ನದೊಂದು ಸಲಹೆ ಇದೆ, ಖರ್ಚು 20 ಬಿಲಿಯನ್ ಆಗುವುದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ಪ್ರತಿಯೊಬ್ಬರ ಕೈಗೂ ಒಂದೊಂದು ಲಾಂದ್ರ ಕೊಟ್ಟು, ಅದರೊಳಗಿನದು ಕ್ರೀಡಾಜ್ಯೋತಿ ಎಂದು ಘೋಷಿಸಿಬಿಡಬೇಕು. ಆಮೇಲೆ ನೋಡಿ. ಬೆಳಗ್ಗೆ ಆಫೀಸಿಗೆ ಹೊರಟರೆ ಮುಂದೆ ಎರಡು ಪೊಲೀಸ್ ಬೈಕು. ಫುಟ್‌ಪಾತ್ ಮೇಲೆ ನಿಲ್ಲಿಸಿದ ಸ್ಕೂಟರ್‌ಗಳೆಲ್ಲ ರಾತ್ರೋರಾತ್ರಿ ಮಾಯ. ಲಿಫ್ಟ್ ಇಲ್ಲದ ನಿಲ್ದಾಣಕ್ಕೆ ಬಂದರೆ ಕೆಳಗೆ 24 ಜನ, ಮೇಲೆ 24 ಜನ. 'ನೆರವು ಬೇಕಿದ್ದರೆ ಮುಂಚಿತವಾಗಿ ಕಾಯ್ದಿರಿಸಿ' ಎನ್ನುವ ಫೋನಿನ ದನಿ 'ಜ್ಯೋತಿ ಎಷ್ಟು ಗಂಟೆಗೆ ದಯಮಾಡಿಸುತ್ತದೆ' ಎಂದು ತಾನೇ ವಿಚಾರಿಸುತ್ತದೆ. ಪ್ರಾಯೋಜಕರು ಕುರ್ಚಿಯ ಹಿಂದೆ ಬ್ಯಾನರ್ ಕಟ್ಟಲು ಬರುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು. ಅಪಾಯವಿರುವುದು ಒಂದೇ ಕಡೆ: ತರಕಾರಿ ಅಂಗಡಿಯ ಮುಂದೆ ಲಾಂದ್ರ ಆರಿಬಿಟ್ಟರೆ, ಅಲ್ಲಿಂದಾಚೆಗೆ ಅವರು ಬರೀ ಮನುಷ್ಯರು; ದಾರಿ ಅವರೇ ನೋಡಿಕೊಳ್ಳಬೇಕು.

ಪ್ಯಾರಿಸ್ಸಿನ ಆ ಜ್ಯೋತಿ ಕೊನೆಗೆ ಏನಾಯಿತು ಎಂದರೆ, ಆಗಸ್ಟ್ 28ರ ರಾತ್ರಿ ಟ್ಯುಲೆರೀ ಉದ್ಯಾನದ ದೈತ್ಯ ಬಲೂನಿನ ಬುಡಕ್ಕೆ ಅದನ್ನು ಮುಟ್ಟಿಸಿದರು. ಮೂವತ್ತು ಮೀಟರ್ ಎತ್ತರದ ಬಲೂನು ಉರಿಯುವ ಉಂಗುರವನ್ನು ಹೊತ್ತು ಆಕಾಶಕ್ಕೆ ಏರಿತು, ಜನ ಹೋ ಎಂದರು. ಅಲ್ಲಿ ಉರಿಯುತ್ತಿದ್ದುದು ಬೆಂಕಿಯೇ ಅಲ್ಲ: 40 ಎಲ್‌ಇಡಿ ದೀಪ, 200 ಕೊಳವೆಗಳಿಂದ ಚಿಮ್ಮುವ ನೀರಿನ ಹನಿಮಂಜು. ಸುರಂಗ ದಾಟಿಸಿ, ಹನ್ನೆರಡು ಮಾಡಿ, ಐವತ್ತು ಊರು ಸುತ್ತಿಸಿ, ಸಾವಿರ ಕೈ ಬದಲಿಸಿ ತಂದದ್ದು ಒಂದು ವಿದ್ಯುತ್ ದೀಪ ಹಾಕುವುದಕ್ಕೆ. ಸ್ವಿಚ್ ಎಲ್ಲಿತ್ತೋ ಕಾಣೆ. ಅಸಲಿ ಬೆಂಕಿಯನ್ನು ಅಲ್ಲೇ ಹತ್ತಿರದಲ್ಲಿ ಪುಟ್ಟ ಲಾಂದ್ರದಲ್ಲಿ ಇಟ್ಟಿದ್ದರು. ಮೂಲ ವಿಗ್ರಹ ಗರ್ಭಗುಡಿಯಲ್ಲಿ, ಉತ್ಸವಮೂರ್ತಿ ತೇರಿನಲ್ಲಿ, ನಮಗೇನೂ ಹೊಸದಲ್ಲ.

ಆ ಬಲೂನನ್ನು ಕಂಡು ಪ್ಯಾರಿಸ್ಸಿನವರಿಗೆ ಎಷ್ಟು ಮೋಹ ಹುಟ್ಟಿತೆಂದರೆ ಬಿಚ್ಚಿಡಲು ಮನಸ್ಸೇ ಬರಲಿಲ್ಲ. ಗಾಳಿಗೆ ತಡೆಯುತ್ತದೋ, ಉದ್ಯಾನದ ಮರಗಳಿಗೆ ತೊಂದರೆಯೋ, ದುಡ್ಡು ಯಾರು ಕೊಡಬೇಕು ಎಂಬುದೆಲ್ಲ ಇತ್ಯರ್ಥವಾಗಿ, 2025ರ ಜೂನ್ 21ಕ್ಕೆ ಅದು ಮತ್ತೆ ಅದೇ ಜಾಗದಲ್ಲಿ ಮೇಲೇರಿತು. 2028ರವರೆಗೆ ಪ್ರತಿ ಬೇಸಿಗೆಯಲ್ಲೂ ಏರಲಿದೆಯಂತೆ. ಎಲ್ಲಾ ಸೇರಿ ಒಂದು ವರ್ಷವೂ ಹಿಡಿಯಲಿಲ್ಲ.