ಅರವತ್ತಾದರೆ ಸಿಟ್ಟು ಸಹಜ ಅನ್ನೋ ಮೆಸೇಜ್ ಬಗ್ಗೆ

‘ಅರವತ್ತು ದಾಟಿದರೆ ಸಿಟ್ಟು, ಬೇಜಾರು ಜಾಸ್ತಿ ಆಗೋದೇ, ಏನೂ ಮಾಡೋಕಾಗಲ್ಲ’ ಅಂತ ಒಂದು ವಾಟ್ಸಾಪ್ ಮೆಸೇಜ್ ಸುತ್ತುತ್ತಿದೆ. ಸುಮ್ನೆ ನಂಬಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ತಂಡ 18ರಿಂದ 94 ವರ್ಷದ 184 ಜನರಿಗೆ ಪೇಜರ್ (ಬೀಪ್ ಅನ್ನೋ ಪುಟ್ಟ ಯಂತ್ರ) ಕೊಟ್ಟು, ಒಂದು ವಾರ ದಿನಕ್ಕೆ ಐದು ಸಲ ಆ ಕ್ಷಣದ ಮನಸ್ಥಿತಿ ಬರೆಸಿತ್ತು. 2000ರಲ್ಲಿ ಬಂದ ವರದಿ ಪ್ರಕಾರ ಸಿಟ್ಟು, ಬೇಸರ ಬರುವುದು ಸುಮಾರು 60ರವರೆಗೆ ಕಡಿಮೆಯಾಗುತ್ತಲೇ ಹೋಗಿ ಆಮೇಲೆ ಅಲ್ಲೇ ನಿಂತಿತ್ತು. ಉಲ್ಟಾ ಅಲ್ವಾ?

ನಮ್ಮಪ್ಪ ಮೊದಲು ತಟ್ಟೆ ತಳ್ಳಿ ಎದ್ದುಬಿಡುತ್ತಿದ್ದರು. ಈಗ ‘ಸಿಟ್ಟಲ್ಲ ಕಣೋ, ಮಂಡಿ ನೋವು’ ಅಂತ ಅವರೇ ಹೇಳುತ್ತಾರೆ. ಅದನ್ನು ಕಲಿತದ್ದು ಎಪ್ಪತ್ತರ ಮೇಲೆ!

ಆದರೆ ಎರಡು ವಾರವಾದರೂ ಬಿಡದ ಬೇಜಾರು, ನಿದ್ದೆಗೇಡು ಇದ್ದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ, ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.