ಕ್ಲಚ್ ಬದಲಿಸುವ ಮೊದಲು ರಾಡ್ ಕಳಚಿ ನೋಡಿ
ಹಳೆಯ ಕಾರಿನ ಗೇರ್ ಬಿಗಿಯಾದರೆ ಮೊದಲು ಕ್ಲಚ್ ಪ್ಲೇಟ್ ಬದಲಿಸಬೇಕೆಂದು ಲೇಖನವೊಂದರಲ್ಲಿ ಓದಿದೆ, ಲೇಖಕರ ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಆರಿಸಿದ ಮೇಲೂ ಲಿವರ್ ಅಷ್ಟೇ ಬಿಗಿಯಾಗಿದ್ದರೆ ದೋಷ ಕ್ಲಚ್ಚಿನದಲ್ಲ, ಏಕೆಂದರೆ ಅದರ ಕೆಲಸ ತಿರುಗುವ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸುವುದು (ನಿಂತ ಕಾರಿನಲ್ಲಿ ಗೇರಿನ ಹಲ್ಲಿಗೆ ಹಲ್ಲು ಎದುರಾಗಿಯೂ ಗೇರ್ ಬೀಳದಿರಬಹುದು, ಕಾರನ್ನು ತುಸು ಹಿಂದೆಮುಂದೆ ತಳ್ಳಿ ಪರೀಕ್ಷಿಸಬೇಕು). ನನ್ನ 1998ರ ಮಾರುತಿ 800ಕ್ಕೆ ಗ್ಯಾರೇಜೊಂದರಲ್ಲಿ ಹೊಸ ಕ್ಲಚ್ ಹಾಕಿಸಿದ ಮೇಲೂ ಎರಡನೇ ಗೇರನ್ನು ಭುಜದ ಬಲದಿಂದಲೇ ಎಳೆಯಬೇಕಾಗುತ್ತಿತ್ತು. ಕೊನೆಗೆ ನಾನೇ ಕಾರಿನಡಿ ಮಲಗಿ, ಲಿವರಿನಿಂದ ಬರುವ ರಾಡನ್ನು ಗೇರ್‌ಬಾಕ್ಸಿನ ತುದಿಯಲ್ಲಿ ಕಳಚಿದಾಗ, ಗೇರ್‌ಬಾಕ್ಸಿನ ಶಾಫ್ಟ್ ಕೈಯಲ್ಲೇ ಸರಾಗವಾಗಿ ಆಡಿತು. ಲಿವರ್ ಮಾತ್ರ ಮಿಸುಕಲಿಲ್ಲ. ರಾಡಿನ ಕೀಲನ್ನು ಮುಚ್ಚುವ ರಬ್ಬರ್ ಗವಸು, ಅಂದರೆ ಬೂಟ್, ಹರಿದು, ಮಳೆಗಾಲದ ಕೆಸರು ಒಳಗೆ ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಕೀಲಿನೊಳಗಿನ ಬಳೆಯಂಥ ಬುಷ್ಷಿನ ಸುತ್ತ ತುಕ್ಕಿನ ಕೆಂಪು ಪುಡಿ ಕೂತಿತ್ತು. ಎಲ್ಲವನ್ನೂ ತೊಳೆದು, ಬುಷ್ ಮತ್ತು ಬೂಟ್ ಹೊಸದು ಹಾಕಿ, ಗ್ರೀಸ್ ಸವರಿದ ಮೇಲೆ ಈಗ ಎರಡು ಬೆರಳಿಗೆ ಗೇರ್ ಬೀಳುತ್ತದೆ. ಕೀಲುಗಳಿಗೆ ಎಂಜಿನ್ ಆಯಿಲ್ ಬಿಡಬೇಕೆಂಬ ಲೇಖನದ ಸಲಹೆಯೂ ಸರಿಯಲ್ಲ, ಏಕೆಂದರೆ ಅದು ಧೂಳನ್ನು ಹಿಡಿದಿಟ್ಟು ಲೋಹವನ್ನು ಅರೆಯುತ್ತದೆ, ಸಾಮಾನ್ಯ ರಬ್ಬರನ್ನು ಉಬ್ಬಿಸುತ್ತದೆ. ರಬ್ಬರ್ ತಾಗುವ ಕಡೆ ಸಿಲಿಕೋನ್ ಗ್ರೀಸನ್ನೇ ಬಳಸಬೇಕು.