ಹಲ್ಲ ಬ್ಯಾನಿ ಅಷ್ಟ ಅಲ್ಲೇನ್ರೀ?

ರಾತ್ರಿ ಎರಡು ನಲವತ್ತು. ಬಾಗಲಕೋಟೆ ನವನಗರದ ನಾಯಿಗಳೂ ಬೊಗಳಿ ಬೊಗಳಿ ಸುಸ್ತಾಗಿ ಮಲಗಿವೆ. ನಾನು ಅಡುಗೆಮನೆಯಲ್ಲಿ ಫ್ರಿಜ್ ಪಕ್ಕ ಕುರ್ಚಿ ಹಾಕಿಕೊಂಡು, ಬಾಯಿ ತುಂಬ ತಣ್ಣೀರು ಹಿಡಿದು, ಒಂದೇ ಕೈಯಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಇನ್ನೊಂದು ಕೈ ಶನಿವಾರದಿಂದ ಗಲ್ಲದ ಮೇಲೇ ಇದೆ. (ಬೆಂಗಳೂರು ಗೆಳೆಯರಿಗೆ: ನಮ್ಮ ಕಡೆ ಗಲ್ಲ ಅಂದರೆ ಕೆನ್ನೆ. ನಿಮ್ಮ ಗಲ್ಲ ಸುಖವಾಗಿರಲಿ.) ಕಾಗುಣಿತ ತಪ್ಪಿದ್ದರೆ ನಮ್ಮ ಶಾಲೆಯ ಕನ್ನಡ ಮಾಸ್ತರು ಕಾಮೆಂಟಿನಲ್ಲಿ ಕೆಂಪು ಪೆನ್ನು ಹಿಡಿದು ಬರಬಾರದು. ಇವತ್ತು ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ.

ಇವತ್ತು ಮಧ್ಯಾಹ್ನ (ನಿನ್ನೆ ಅನ್ನಬೇಕೇನೋ, ನಿದ್ದೆ ಇಲ್ಲದವನಿಗೆ ಎರಡೂ ಒಂದೇ) ಹಲ್ಲಿನ ದವಾಖಾನೆಗೆ ಹೋಗಿದ್ದೆ. ಯಾವ ದವಾಖಾನೆ ಅಂತ ಹೇಳುವುದಿಲ್ಲ. ಶನಿವಾರ ಅಲ್ಲಿನ ಡಾಕ್ಟ್ರು ಎಕ್ಸ್‌ರೇ ತೆಗೆದು, "ನರಕ್ಕೆ ಮುಟ್ಟಿದೆ, ರೂಟ್ ಕೆನಾಲ್ ಆಗಬೇಕು, ಬೇರು ಡೊಂಕಾಗಿದೆ, ಸ್ಪೆಷಲಿಸ್ಟ್ ಗುರುವಾರ ಬರ್ತಾರೆ" ಅಂದಿದ್ದರು. (ರೂಟ್ ಕೆನಾಲ್ ಅಂದರೆ ಹಲ್ಲು ಕೀಳದೆ, ಒಳಗಿನ ತಿರುಳು ತೆಗೆದು, ಬೇರಿನ ನಾಳ ಸ್ವಚ್ಛ ಮಾಡಿ ತುಂಬುವುದು.) ಸ್ಪೆಷಲಿಸ್ಟ್ ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವವರು. ಎರಡು ರಾತ್ರಿ ಹೇಗೋ ಕಳೆದೆ. ಮೂರನೆಯದಕ್ಕೆ ಧೈರ್ಯ ಸಾಲದೆ ಮತ್ತೆ ಹೋಗಿ ಕೌಂಟರಿನಲ್ಲಿ ನಿಂತೆ. ಡಾಕ್ಟ್ರು ಒಳಗಿದ್ದರು. ಅವರ ತನಕ ಹೋಗಲು ಆಗಲಿಲ್ಲ. ಕೌಂಟರಿನ ಹುಡುಗಿ ರಿಜಿಸ್ಟರಿನಿಂದ ತಲೆ ಎತ್ತದೆ, "ಗುಳಿಗಿ ಕೊಟ್ಟಾರಲ್ರಿ ಸರ. ಇನ್ನ ಮೂರ ದಿನ. ಹಲ್ಲ ಬ್ಯಾನಿ ಅಷ್ಟ ಅಲ್ಲೇನ್ರೀ?" ಅಂದಳು.

ಅಷ್ಟ!

ಪಾಪ, ಹುಡುಗಿ ಸಿಟ್ಟಿನಿಂದ ಹೇಳಲಿಲ್ಲ. ಸಮಾಧಾನ ಮಾಡಲಿಕ್ಕೇ ಹೇಳಿದಳು. ನನಗೆ ಉರಿದಿದ್ದು ಅದೇ. ನನ್ನ ಹಿಂದೆ ಒಬ್ಬ ಅಜ್ಜ ನಿಂತಿದ್ದ. ಕೆಂಪು ಅಂಚಿನ ಟವೆಲನ್ನು ದವಡೆಯ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದ್ದ. ಕೆರೂರ ಕಡೆಯಿಂದ ಮೊದಲನೇ ಬಸ್ಸಿಗೆ ಬಂದವನಂತೆ. ಅವನಿಗೂ ಗುರುವಾರ. ಅವನು ಒಂದು ಮಾತು ಎದುರಾಡಲಿಲ್ಲ. "ಆತು ತಂಗಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಬಿಟ್ಟ. ಅಷ್ಟರಲ್ಲಿ ಮದುಮಗನ ಕಡೆಯವರು ಮೂರು ಜನ ಸೀದಾ ಒಳಗೆ ಹೋದರು. ಮದುವೆ ಫೋಟೊದಲ್ಲಿ ಹಲ್ಲು ಬೆಳ್ಳಗೆ ಕಾಣಬೇಕಲ್ಲ! ಅವರು ಮೊದಲೇ ಅಪಾಯಿಂಟ್‌ಮೆಂಟ್ ತಗೊಂಡಿದ್ದರು, ತಪ್ಪು ಅವರದಲ್ಲ, ಗೊತ್ತು. ಆದರೂ ಹೊಳೆಯುವ ಹಲ್ಲಿಗೆ ಕುರ್ಚಿ ಸಿಗುತ್ತದೆ, ಸಿಡಿಯುವ ಹಲ್ಲಿಗೆ ತಾರೀಖು ಸಿಗುತ್ತದೆ.

ಈ 'ಅಷ್ಟ' ಅನ್ನುವುದನ್ನು ನಾನು ಶನಿವಾರದಿಂದ ಎಣಿಸುತ್ತಾ ಬಂದಿದ್ದೇನೆ. ಬೇರೆ ಏನು ಕೆಲಸ ಇದೆ? ಏಳು ಸಲ ಆಯಿತು.

ನಮ್ಮ ಹೆಡ್‌ಮಾಸ್ತರಿಗೆ ಫೋನ್ ಮಾಡಿ ರಜಾ ಕೇಳಿದೆ. "ಜ್ವರ ಬಂದಾವೇನು?" "ಇಲ್ರಿ ಸರ, ಹಲ್ಲು." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹಲ್ಲಿಗೂ ಸಿಎಲ್ ಹಾಕ್ತೀರೇನ್ರೀ? ಹತ್ತನೇತ್ತೆಯವರ ಪ್ರಿಪರೇಟರಿ ಹತ್ರ ಬಂತಲ್ರಿ." ಸುಳ್ಳು ಹೇಳಿ ಜ್ವರ ಅಂದಿದ್ದರೆ ಎರಡು ದಿನ ಬಿಟ್ಟು ಬರ್ರಿ ಅನ್ನುತ್ತಿದ್ದರು. ಬೇಧಿ ಅಂದಿದ್ದರೂ ನಡೆಯುತ್ತಿತ್ತು. ಮರುದಿನ ಮಫ್ಲರ್ ಸುತ್ತಿಕೊಂಡು ಶಾಲೆಗೆ ಹೋದೆ. ಎಲ್ಲರೂ ನೆಗಡಿ ಅಂದುಕೊಂಡು ಎಷ್ಟು ಪ್ರೀತಿಯಿಂದ ಮಾತಾಡಿಸಿದರು ಅಂತೀರಿ! ಹಲ್ಲು ಅಂದ ಕೂಡಲೇ ಆ ಪ್ರೀತಿ ಆರಿಹೋಯಿತು. ಒಬ್ಬರಂತೂ, "ಎರಡ ದಿನ ಹಲ್ಲ ಕಚ್ಚಿ ತಡಕೋರಿ ಸರ" ಅಂದರು. ಕಚ್ಚಲಿಕ್ಕೆ ಆಗಿದ್ದರೆ ನಿಮ್ಮ ಹತ್ತಿರ ಯಾಕೆ ಹೇಳಿಕೊಳ್ಳುತ್ತಿದ್ದೆ ಮಾರಾಯರೇ?

ನೋವು ಶುರುವಾಗಿದ್ದು ಭೋಗಿ ಹಬ್ಬಕ್ಕೆ. ಕಡಕ್ ಸಜ್ಜಿ ರೊಟ್ಟಿ, ಎಣ್ಣೆಗಾಯಿ. ಎಡಗಡೆ ಕೆಳಗಿನ ದವಡೆಯಲ್ಲಿ ಕಟಕ್ ಅಂತು. ರೊಟ್ಟಿಯ ಸಪ್ಪಳ ಅಂದುಕೊಂಡೆ. ನಾಲಿಗೆಗೆ ಏನೋ ಚೂರು ಸಿಕ್ಕಿತು. ಎಣ್ಣೆಗಾಯಿಯ ಶೇಂಗಾ ಅಂದುಕೊಂಡು ನುಂಗಿಯೂ ಬಿಟ್ಟೆ. ಸ್ವಂತ ಹಲ್ಲನ್ನು ನುಂಗಿದ ವಿಜ್ಞಾನ ಮಾಸ್ತರ ನಾನು. ಆಮೇಲೆ ಮೂರು ದಿನ ಕಿವಿ ನೋವು ಅಂತ ಕಿವಿಗೆ ಡ್ರಾಪ್ಸ್ ಹಾಕಿಕೊಂಡೆ. ನಗಬೇಡಿ. ಕೆಳದವಡೆಯ ಹಲ್ಲಿಗೂ ಕಿವಿಯ ಸುತ್ತಲಿಗೂ ಒಂದೇ ನರದ ಕವಲುಗಳು ಹೋಗುತ್ತವೆ, ಮಿದುಳಿಗೆ ವಿಳಾಸ ತಪ್ಪುತ್ತದೆ. ಶನಿವಾರ ಡಾಕ್ಟ್ರು ಬಾಯಿಗನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲು ತಟ್ಟುತ್ತಾ ಬಂದರು. ಮೊದಲನೆಯದು, ಏನಿಲ್ಲ. ಎರಡನೆಯದು, ಏನಿಲ್ಲ. ಮೂರನೆಯದಕ್ಕೆ ನಾನು ಅವರ ಮುಂಗೈ ಹಿಡಿದುಕೊಂಡಿದ್ದೆ. ಹಿಡಿದಿದ್ದು ನನಗೇ ಗೊತ್ತಾಗಲಿಲ್ಲ. ಅವರು, "ಬಿಡ್ರಿ ಸರ, ಸಿಕ್ತು" ಅಂದರು.

ಈ ನೋವು ಯಾಕೆ 'ಅಷ್ಟೇ' ಅಲ್ಲ ಅಂತ ಹೇಳಿಯೇ ಬಿಡುತ್ತೇನೆ, ಮಾಸ್ತರ ಚಟ. ಹಲ್ಲಿನ ಹೊರಕವಚ ಎನಾಮೆಲ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದರ ನಡುವೆ ಒಂದು ಸಣ್ಣ ಪೊಳ್ಳು. ಅದರೊಳಗೆ ಮೆತ್ತಗಿನ ತಿರುಳು, ನರ, ರಕ್ತನಾಳ. ಕಾಲು ಉಳುಕಿದರೆ ಬಾವು ಹೊರಗೆ ಊದುತ್ತದೆ, ಜಾಗ ಇದೆ. ಹಲ್ಲಿನೊಳಗೆ ಬಾವು ಬಂದರೆ ಎಲ್ಲಿಗೆ ಹೋಗಬೇಕು? ಸುತ್ತಲೂ ಕಲ್ಲಿನಂಥ ಗೋಡೆ. ಒತ್ತಡವೆಲ್ಲ ನರದ ಮೇಲೆ. ಅದಕ್ಕೇ ನಾಡಿ ಬಡಿದಂತೆ ಬಡಿಯುವುದು. ಮಲಗಿದರೆ ತಲೆಯ ಕಡೆ ರಕ್ತ ಜಾಸ್ತಿ ಹೋಗುತ್ತದೆ, ನೋವು ಏರುತ್ತದೆ. ಹಗಲು ಮನುಷ್ಯನ ಹಾಗೆ ಇದ್ದವನು ರಾತ್ರಿ ಮೂರು ದಿಂಬು ಒಟ್ಟಿ ಕುಳಿತೇ ತೂಕಡಿಸುವುದು ಇದಕ್ಕೇ.

ತಣ್ಣೀರಿನ ಕಥೆ ಇನ್ನೂ ವಿಚಿತ್ರ. ಮೊದಮೊದಲು ತಣ್ಣಗಿನದು ತಾಗಿದರೆ ಜೀವ ಹೋಗುತ್ತಿತ್ತು. ಈಗ ಉಲ್ಟಾ. ಚಹಾ ಕುಡಿದರೆ ಸಿಡಿಯುತ್ತದೆ, ತಣ್ಣೀರು ಹಿಡಿದರೆ ಹಿತ. ಒಂದು ಗುಟುಕಿಗೆ ಸುಮಾರು ಎರಡು ನಿಮಿಷ ಬಿಡುವು ಸಿಗುತ್ತದೆ. ನೀರು ಬಾಯಲ್ಲೇ ಬೆಚ್ಚಗಾದ ಕೂಡಲೇ ಮತ್ತೆ ಟಕ್ ಟಕ್. ಉಗುಳು, ಮತ್ತೊಂದು ಗುಟುಕು. ಹೀಗೆ ರಾತ್ರಿಗೆ ಮೂರು ಬಾಟಲಿ. ಡಾಕ್ಟ್ರಿಗೆ ಹೇಳಿದರೆ, ತಣ್ಣಗಿನದು ಹಿತ ಅನ್ನಿಸುತ್ತಿದ್ದರೆ ಒಳಗಿನ ತಿರುಳು ಕೊನೆ ಹಂತಕ್ಕೆ ಬಂದಿದೆ ಅಂತ ಅರ್ಥ ಅಂದರು. ನನ್ನದೇ ಒಂದು ಭಾಗ ಸಾಯುತ್ತಿದೆ, ನಾನು ಅದರ ಬಾಯಿಗೆ ನೀರು ಬಿಡುತ್ತಾ ಕೂತಿದ್ದೇನೆ. ರಾತ್ರಿ ಎರಡೂವರೆಗೆ ಇಂಥವೇ ವಿಚಾರ ಬರುತ್ತವೆ.

ಇನ್ನು ಔಷಧ. ನೋವಿನ ಬಗ್ಗೆ 'ಅಷ್ಟೇ' ಅನ್ನುವವರೇ ಔಷಧ ಹೇಳುವಾಗ ಮಾತ್ರ ಧನ್ವಂತರಿಗಳು. ಪಕ್ಕದ ಮನೆ ಅಕ್ಕ ಲವಂಗದ ಎಣ್ಣೆ ಕೊಟ್ಟರು. ಅದಕ್ಕೆ ಬೆಲೆ ಇದೆ, ಸುಳ್ಳಲ್ಲ. ಲವಂಗದ ಯೂಜೆನಾಲ್ ಸ್ವಲ್ಪ ಮರಗಟ್ಟಿಸುತ್ತದೆ. ಹಲ್ಲಿನ ಡಾಕ್ಟ್ರು ತಾತ್ಕಾಲಿಕವಾಗಿ ತುಂಬುವ ಒಂದು ಸಿಮೆಂಟಿನಲ್ಲೂ ಅದೇ ಇರುತ್ತದೆ, ದವಾಖಾನೆ ಹೊಕ್ಕ ಕೂಡಲೇ ಲವಂಗದ ವಾಸನೆ ಬಡಿಯುವುದು ಅದಕ್ಕೇ. ಆದರೆ ನಾನು ಹತ್ತಿಯನ್ನು ಎಣ್ಣೆಯಲ್ಲಿ ತೋಯಿಸಿ ತುರುಕಿ ವಸಡು ಸುಟ್ಟುಕೊಂಡೆ. ಈಗ ಎರಡು ನೋವು. ಇನ್ನೊಬ್ಬರು ಆಸ್ಪಿರಿನ್ ಪುಡಿ ಮಾಡಿ ಹಲ್ಲಿಗೆ ಒತ್ತು ಅಂದರು. ಅದೂ ವಸಡು ಸುಡುತ್ತದೆ, ಮಾಡಬೇಡಿ. ಚಿಕ್ಕಮ್ಮ ಫೋನಿನಲ್ಲಿ, "ಒಂದ ಚಿಟಿಕಿ ಮಶೇರಿ ಒತ್ತಿ ನೋಡಪಾ" ಅಂದಳು. ತಂಬಾಕು ಸುಟ್ಟ ಪುಡಿ. ಅವಳ ಬಾಯಲ್ಲಿ ಈಗ ಎಷ್ಟು ಹಲ್ಲು ಉಳಿದಿವೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ದೊಡ್ಡವಳು.

ಹಿಂದಿ ಮಾಸ್ತರದು ಎಲ್ಲಕ್ಕೂ ಮೇಲು. ಒಬ್ಬ ಹಲ್ಲಿನ ಹುಳ ತೆಗೆಯುತ್ತಾನಂತೆ! ಸಣ್ಣವನಿದ್ದಾಗ ಜಾತ್ರೆಯಲ್ಲಿ ನೋಡಿದ್ದೇನೆ. ಕಾದ ಕಬ್ಬಿಣದ ಮೇಲೆ ನೆಲಗುಳ್ಳದ ಬೀಜ ಹಾಕಿ ಹೊಗೆ ಕುಡಿಸುತ್ತಾರೆ, ಕೆಳಗೆ ನೀರಿನಲ್ಲಿ ಬಿಳಿ ಹುಳು ಬೀಳುತ್ತವೆ. ಕಾವಿಗೆ ಬೀಜ ಸಿಡಿದು ಹೊರಬಂದ ಮೊಳಕೆ ಅದು. ಹಲ್ಲಿನಲ್ಲಿ ಹುಳ ಇಲ್ಲ ಅಂತ ಫ್ರಾನ್ಸಿನ ಹಲ್ಲಿನ ಡಾಕ್ಟ್ರು ಪಿಯರ್ ಫೋಶಾರ್ 1728ರಲ್ಲೇ ಬರೆದಿಟ್ಟ. ನಾವು ಮಾತ್ರ ಇನ್ನೂ 'ಹುಳುಕು ಹಲ್ಲು' ಅನ್ನುತ್ತೇವೆ, ಹುಳ ಪದದೊಳಗೇ ಕೂತಿದೆ. ನಿಜಕ್ಕೂ ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನಾವು ತಿಂದ ಸಿಹಿಯನ್ನೇ ತಿಂದು ಆಮ್ಲ ಮಾಡಿ ಹಲ್ಲು ಕರಗಿಸುತ್ತದೆ.

ಮೆಡಿಕಲ್ ಶಾಪಿನವನು ಕೇಳದೆಯೇ ಆಂಟಿಬಯೋಟಿಕ್ ಕೊಡಲು ಬಂದ. ಡಾಕ್ಟ್ರು ಮೊದಲೇ ಹೇಳಿದ್ದರು: ಹೊರಗೆ ಬಾವಿಲ್ಲ, ಜ್ವರವಿಲ್ಲ, ಇದು ನರದ ನೋವು, ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಅವರು ಬರೆದಿದ್ದು ಐಬುಪ್ರೊಫೇನ್, ಪ್ಯಾರಸಿಟಮಾಲ್, ಊಟವಾದ ಮೇಲೆ. ನನ್ನ ಅಳಿಯ "ಕಾಂಬಿಫ್ಲಾಮ್ ಮ್ಯಾಲೊಂದು ಡೋಲೋ ಒಗದ ಬಿಡ್ರಿ ಮಾವಾ" ಅಂದ. ಎರಡರಲ್ಲೂ ಪ್ಯಾರಸಿಟಮಾಲ್ ಇದೆಯಪ್ಪಾ. ದೊಡ್ಡವರಿಗೂ ಇಡೀ ದಿನಕ್ಕೆ 4 ಗ್ರಾಂ ಅಂದರೆ ಗಡಿ. ಹೀಗೆ ಒಗೆಯುತ್ತಾ ಹೋದರೆ ಲಿವರ್ ಕೈ ಕೊಡುತ್ತದೆ. ಅಲ್ಸರ್, ಕಿಡ್ನಿ ತೊಂದರೆ ಇದ್ದವರು ಐಬುಪ್ರೊಫೇನ್ ತಂಟೆಗೆ ಸುಮ್ನೆ ಹೋಗಬೇಡಿ, ಡಾಕ್ಟ್ರನ್ನ ಕೇಳಿ.

ಇನ್ಶೂರೆನ್ಸ್ ಗೆಳೆಯನಿಗೂ ಫೋನ್ ಮಾಡಿದ್ದೆ. ವರ್ಷಾ ವರ್ಷಾ ನನ್ನಿಂದ ಪ್ರೀಮಿಯಂ ಕಟ್ಟಿಸುವವನು. "ಆಕ್ಸಿಡೆಂಟ್ ಆಗಿ ಹಲ್ಲ ಮುರದ್ರ ನೋಡಬಹುದು ಸರ" ಅಂದ. ಅಂದರೆ ಬೈಕಿನಿಂದ ಬೀಳಬೇಕಿತ್ತು, ರೊಟ್ಟಿ ತಿಂದಿದ್ದು ತಪ್ಪು. ಸರ್ಕಾರದ್ದೂ ಅಷ್ಟೇ. ಬಡವರ ಹಲ್ಲೆಲ್ಲ ಉದುರಿದ ಮೇಲೆ ಕಟ್ಟಿಸಿಕೊಡಲು ದಂತಭಾಗ್ಯ ಇದೆ, ಒಳ್ಳೆಯದೇ. ಉದುರುವ ಮೊದಲು ಸಿಡಿಯುವಾಗ ಯಾವ ಭಾಗ್ಯ? ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರಲ್ಲಿ ಡೆಂಟಲ್ ಕಾಲೇಜುಗಳಿವೆ. ಹಲ್ಲಿನ ಡಾಕ್ಟ್ರು ತಯಾರಾಗುವ ಊರಲ್ಲೇ ಒಬ್ಬ ಅಜ್ಜ ಟವೆಲ್ ಕಟ್ಟಿಕೊಂಡು ವಾಪಸ್ ಬಸ್ಸು ಹತ್ತುತ್ತಾನೆ.

ಈಗ ಯಾರೋ ಒಬ್ಬರು ಬರೆಯುತ್ತಾರೆ: "ಹಲ್ಲು ನೋವಿನಿಂದ ಯಾರೂ ಸಾಯೋದಿಲ್ಲ." ಸಾಯುತ್ತಾರೆ ಸ್ವಾಮಿ, ಅಪರೂಪಕ್ಕೆ. ಕೆಳದವಡೆಯ ಹಲ್ಲಿನ ಕೀವು ನಾಲಿಗೆಯ ಕೆಳಗೆ, ಕುತ್ತಿಗೆಗೆ ಇಳಿದರೆ ಉಸಿರಾಟದ ದಾರಿಯೇ ಮುಚ್ಚಬಹುದು. ಗದ್ದದ ಕೆಳಗೆ ಬಾವು, ಬಾಯಿ ತೆರೆಯಲು ಆಗದು, ಉಗುಳು ನುಂಗಲು ಆಗದು, ಜ್ವರ, ಹೀಗಾದರೆ ಗುರುವಾರ ಶುಕ್ರವಾರ ನೋಡದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಇನ್ನೊಬ್ಬರು, "ಡಾಕ್ಟ್ರಿಗೂ ಎರಡೇ ಕೈ, ನೀವು ಮೊದಲೇ ಯಾಕೆ ತೋರಿಸಲಿಲ್ಲ?" ಅನ್ನಬಹುದು. ಅದಕ್ಕೆ ಉತ್ತರ ಕೊಡುವುದಿಲ್ಲ ಅಂದುಕೊಂಡಿದ್ದೆ.

ಸರಿ, ಕೊಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಹಲ್ಲು ತಪಾಸಣೆ ಶಿಬಿರ ಆಯಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ನಾನೇ. ಹುನಗುಂದ, ಇಳಕಲ್ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಕೆಲವರ ಹಲ್ಲಿನ ಮೇಲೆ ಕಂದು ಪಟ್ಟಿ. ಬೋರ್‌ವೆಲ್ ನೀರಿನ ಫ್ಲೋರೈಡ್, ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ಪಾಠ ಮಾಡಿ ಜಾಣನೂ ಆದೆ. ಕೊನೆಗೆ ಒಬ್ಬ ಎಳೆ ಡಾಕ್ಟರಮ್ಮ, "ಸರ್, ನಿಮ್ಮದೂ ನೋಡೋಣ" ಅಂದು, ಇದೇ ಹಲ್ಲು ತೋರಿಸಿ, "ಸಣ್ಣ ತೂತು, ಈಗಲೇ ಫಿಲ್ಲಿಂಗ್ ಮಾಡಿಸಿ" ಅಂದಳು. ಪರೀಕ್ಷೆ ಮುಗೀಲಿ ಅಂದೆ. ನಾಲ್ಕು ಪರೀಕ್ಷೆ ಮುಗಿದವು.

ಅದು ಹೋಗಲಿ. ನಿದ್ದೆಗೆಡಿಸುತ್ತಿರುವುದು ಬೇರೆ. ಹೋದ ವರ್ಷ ಎಂಟನೇತ್ತೆಯ ಒಬ್ಬ ಹುಡುಗ ನನ್ನ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟಿದ್ದ. ಒಂದು ಗಲ್ಲ ಊದಿತ್ತು. ಎಬ್ಬಿಸಿದೆ. ಹಲ್ಲು ಅಂತ ಬೆರಳು ತೋರಿಸಿದ. ನಾನು ಇಡೀ ಕ್ಲಾಸಿಗೆ ಕೇಳುವ ಹಾಗೆ, "ಹಲ್ಲ ಬ್ಯಾನಿ ಅಷ್ಟ ಅಲ್ಲೇನೋ? ಎದ್ದ ಕೂಡು" ಅಂದೆ. ಹುಡುಗರು ನಕ್ಕರು. ಅವನು ಎದ್ದು ಕೂತು ನೋಟ್ಸ್ ಬರೆದುಕೊಂಡ. ಎಣಿಕೆಯಲ್ಲಿ ನನ್ನದೂ ಸೇರಿಸಿದರೆ ಎಂಟು.

ಒಂದು ಗಂಟೆಗೆ ಹಳೇ ವಿದ್ಯಾರ್ಥಿನಿಯೊಬ್ಬಳಿಗೆ ಮೆಸೇಜ್ ಹಾಕಿದ್ದೆ. ಹಲ್ಲಿನ ಡಾಕ್ಟ್ರಾಗುವ ಬಿಡಿಎಸ್ ಕೋರ್ಸಿನ ಕೊನೇ ವರ್ಷ, ಅವಳೂ ಓದುತ್ತಾ ಎದ್ದಿದ್ದಳು. "ಸರ, ರೂಟ್ ಕೆನಾಲ್ ಗುರುವಾರನ ಆಗ್ಲಿ. ಆದ್ರ ಇಂಜೆಕ್ಷನ್ ಕೊಟ್ಟು, ಹಲ್ಲ ತೆರೆದು, ಒಳಗಿನ ತಿರುಳ ತಗದು, ತಾತ್ಕಾಲಿಕ ಸಿಮೆಂಟ್ ಹಾಕಿದ್ರೂ ನೋವು ಇಳೀತದ. ಅದನ್ನ ಅಲ್ಲಿನ ಡಾಕ್ಟ್ರ ಮಾಡಬಹುದು. ನೀವು ಕೇಳಲೇ ಇಲ್ಲೇನ್ರೀ?" ಅಂತ ಬರೆದಳು. ಕೇಳಲಿಲ್ಲ. ಹಾಗೆ ಕೇಳಬಹುದು ಅಂತ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿರುತ್ತೇನೆ. ಈ ಸಲ ಕೌಂಟರಿನಲ್ಲಿ ಮಾತಿಲ್ಲ, ಸೀದಾ ಡಾಕ್ಟ್ರ ಹತ್ತಿರ. ಹೆಡ್‌ಮಾಸ್ತರೇ, ಓದುತ್ತಿದ್ದರೆ ಇದನ್ನೇ ರಜಾ ಚೀಟಿ ಅಂದುಕೊಳ್ಳಿ.

ಆ ಅಜ್ಜನ ಹೆಸರು ಕೇಳಲಿಲ್ಲ. ಫೋನ್ ನಂಬರೂ ಇಲ್ಲ. ಕೆರೂರ ಕಡೆಯ ಗೆಳೆಯರು ಯಾರಾದರೂ ಕೆಂಪು ಅಂಚಿನ ಟವೆಲ್ಲನ್ನು ನೆತ್ತಿಗೆ ಕಟ್ಟಿಕೊಂಡ ಅಜ್ಜನನ್ನು ಕಂಡರೆ, ಗುರುವಾರದ ತನಕ ಕಾಯಬೇಕಿಲ್ಲ, ನಾಳೆಯೇ ಬಂದು ಹಿಂಗಿಂಗ ಕೇಳಬೇಕಂತ ಅಂತ ಹೇಳಿ.